ತುಪ್ಪ ಬಡಿಸಿದ ಕೈ

ಈ ಸೋಮವಾರ ಎದುರುಮನೆಯವರು ಬಾಗಿಲು ತೆರೆದಿಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ಜೆ.ಪಿ. ನಗರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಆ ಬಾಗಿಲಿಗೂ ನಮ್ಮ ಬಾಗಿಲಿಗೂ ನಡುವೆ ಇರುವುದು ಚಪ್ಪಲಿ ಸ್ಟ್ಯಾಂಡು ಇಡುವಷ್ಟೇ ಜಾಗ. ಸೊಗಡು ಬೆಲ್ ಕೂಡ ಒತ್ತದೆ ಒಳಗೆ ಬಂತು. ಬೆಂಗಳೂರಿಗೆ ಈಗ ಚಳಿಗಾಲವೇ ಇಲ್ಲ ಎಂದು ಗೊಣಗುವವರನ್ನು ನಾನು ನಂಬುವುದಿಲ್ಲ. ಇಬ್ಬನಿ ಆರದ ಅವರೆಕಾಯಿಯ ಚೀಲದ ಬಾಯಿ ಬಿಚ್ಚಿದಾಗ ಬರುವ ಆ ಹಸಿ, ಜಿಡ್ಡು, ಸ್ವಲ್ಪ ಒಗರು ವಾಸನೆ ಇರುವವರೆಗೆ ಈ ಊರಿನಲ್ಲಿ ಚಳಿಗಾಲ ಇರುತ್ತದೆ. ನಿಮಗೂ ಅದು ಗೊತ್ತು. ಬೆರಳಿಗೆ ಅಂಟಿದರೆ ಸೋಪು ಹಾಕಿ ತೊಳೆದರೂ ಸಂಜೆಯವರೆಗೆ ಬಿಡುವುದಿಲ್ಲ. ಆದರೆ ನಮ್ಮ ಮನೆಯೊಳಗೆ ಆ ವಾಸನೆ ಬಂದು ದಶಕಗಳೇ ಆಗಿದ್ದವು. ಅಮ್ಮ ಬಾಲ್ಕನಿಯ ಬಿಸಿಲಿಗೆ ಬೆನ್ನು ಕೊಟ್ಟು, ಶಾಲಿನ ಅಂಚನ್ನು ಮಡಿಸುತ್ತ ಬಿಚ್ಚುತ್ತ ಕೂತಿದ್ದಳು. ಮೂಗರಳಿಸಿ ತಲೆ ಎತ್ತಿದಳು. “ಸೀನ ಬಂದ್ನೇನೇ?” ಎಂದಳು.

ಸೀನ ಎಂದರೆ ಅವಳ ಒಬ್ಬನೇ ತಮ್ಮ, ನಮ್ಮ ಸೀನಮಾವ. ಅವನು ಸತ್ತಾಗ ನಾನು ಲಂಗ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದವಳು. ಈಗ ನನ್ನ ಕೂದಲೇ ನೆರೆತಿದೆ. ಅಮ್ಮನ ಮರೆವು ಕೆಲವು ವರ್ಷಗಳಿಂದ ಬೆಳೆಯುತ್ತ ಬಂದಿದೆ. ಕನ್ನಡಕ ಎಲ್ಲಿ, ಮಾತ್ರೆ ನುಂಗಿದ್ದಾಯಿತೇ, ಇದು ಯಾರ ಮನೆ ಎಂದು ದಿನಕ್ಕೆ ಹತ್ತು ಸಲ ಕೇಳುತ್ತಾಳೆ, ನಾನು ಹತ್ತು ಸಲವೂ ಉತ್ತರ ಹೇಳುತ್ತೇನೆ, ಒಮ್ಮೊಮ್ಮೆ ರೇಗುತ್ತೇನೆ. ಆದರೆ ಸೀನಮಾವನ ಹೆಸರು ಅವಳ ಬಾಯಿಂದ ಬಂದದ್ದನ್ನು ನಾನು ದೊಡ್ಡವಳಾದ ಮೇಲೆ ಕೇಳಿಯೇ ಇರಲಿಲ್ಲ. ಈಗ ಹುರುಳಿಕಾಯಿ ಬಂತೇ ಎಂದು ಕೇಳುವ ಸಲೀಸಿನಲ್ಲಿ ಅವಳು ಆ ಹೆಸರನ್ನು ಕರೆದಳು.

ಜಯನಗರದ ನಮ್ಮ ಮನೆ ಈಗಿಲ್ಲ. ಅಲ್ಲಿ ಸೀರೆ ಅಂಗಡಿಯೊಂದು ನಾಲ್ಕು ಅಂತಸ್ತು ಎದ್ದು ನಿಂತಿದೆ, ನಾನು ಆ ರಸ್ತೆಯನ್ನು ತಪ್ಪಿಸಿ ಆಟೋದವನಿಗೆ ಸುತ್ತುದಾರಿ ಹೇಳುತ್ತೇನೆ. ಕೆಂಪು ಗಾರೆಯ ನೆಲ, ಮುಂದೆ ಸಂಪಿಗೆ ಮರ, ಹಿತ್ತಲಲ್ಲಿ ಪಾಚಿ ಹಿಡಿದ ನೀರಿನ ತೊಟ್ಟಿ, ಅದರ ಪಕ್ಕದಲ್ಲಿ ಬಟ್ಟೆ ಒಗೆಯುವ ಕಲ್ಲು. ಶನಿವಾರ ಸಂಜೆ ಇಟ್ಟಮಡುವಿನಿಂದ ಸೀನಮಾವ ಸೈಕಲ್ಲಿನಲ್ಲಿ ಬರುತ್ತಿದ್ದ. ಆಗ ಇಟ್ಟಮಡು ಎಂದರೆ ಊರಾಚೆ. ಅವನು ಅಲ್ಲಿ ಒಂದು ರೂಮು ಮಾಡಿಕೊಂಡು ಪ್ರೆಸ್ಸಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದ, ಉಗುರಿನ ಸಂದಿಯಲ್ಲಿ ಯಾವಾಗಲೂ ಶಾಯಿ. ಚಳಿಗಾಲದಲ್ಲಿ ಅವನ ಹ್ಯಾಂಡಲ್ಲಿಗೆ ಅವರೆಕಾಯಿಯ ಚೀಲ ನೇತಾಡುತ್ತಿತ್ತು. ರಾತ್ರಿ ನೆನೆಹಾಕಿದ ಕಾಳನ್ನು ಮರುದಿನ ಹಿದುಕಲು ನಾವೆಲ್ಲ ತಟ್ಟೆಯ ಸುತ್ತ ಕೂರುತ್ತಿದ್ದೆವು. ಹೆಬ್ಬೆರಳಿನಿಂದ ಒತ್ತಿದರೆ ಬೇಳೆ ಸಿಪ್ಪೆಯಿಂದ ಹಾರಿ ಬರಬೇಕು; ಸೀನಮಾವ ಅದನ್ನು ಗುರಿಯಿಟ್ಟು ನನ್ನ ಅಣ್ಣ ರಘುವಿನ ಮೂಗಿಗೆ ಹಾರಿಸುತ್ತಿದ್ದ. “ಇಷ್ಟೆತ್ತರ ಬೆಳೆದ್ರೂ ಬುದ್ಧಿ ಮಾತ್ರ ಬೆಳೀಲಿಲ್ಲ ನಿಂಗೆ,” ಎಂದು ಅಮ್ಮ ಬೈಯುತ್ತಿದ್ದಳು, ಬೈಯುತ್ತಲೇ ಅವನ ತಟ್ಟೆಗೆ ಇನ್ನೊಂದು ಸೌಟು ಹುಳಿ. ಅಪ್ಪ ಅಮ್ಮ ಇಲ್ಲದ ಅವನನ್ನು ಅವಳೇ ಸಾಕಿದ್ದಳು.

ಮಾಘಮಾಸದಲ್ಲಿ ರಘುವಿನ ಮುಂಜಿ ಗೊತ್ತಾಯಿತು. ಮನೆಯ ಮುಂದೆ ರಸ್ತೆಗೇ ಶಾಮಿಯಾನ ಹಾಕಿಸುವುದು, ಅಡಿಗೆಯವರಿಗೆ ಹೇಳುವುದು, ಎಲ್ಲ ಆಗಿತ್ತು. ಅದೇ ವಾರ ಸೀನಮಾವ ಕಾಮಾಲೆಯಿಂದ ಆಸ್ಪತ್ರೆ ಸೇರಿದ. ಅಮ್ಮ ಮುಂಜಿಯ ಕೆಲಸದ ನಡುವೆಯೂ ದಿನಾ ಹೋಗಿ ಬರುತ್ತಿದ್ದಳು. ಮುಂಜಿಯ ಹಿಂದಿನ ದಿನ ಬೆಳಿಗ್ಗೆ ಅವನು ತೀರಿಕೊಂಡ. ಸುದ್ದಿ ಫೋನಿನಲ್ಲಿ ಬಂದಾಗ ಎತ್ತಿಕೊಂಡವಳು ಅಜ್ಜಿ, ಅಪ್ಪನ ತಾಯಿ.

ಈಗಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ನಮ್ಮಲ್ಲಿ ಸೂತಕ ಹಿಡಿಯುವುದು ಸಾವಿನಿಂದಲ್ಲ, ಕಿವಿಯಿಂದ. ಒಡಹುಟ್ಟಿದವನು ಹೋದ ಸುದ್ದಿ ಕಿವಿಗೆ ಬಿದ್ದ ಗಳಿಗೆಯಿಂದ ಅಮ್ಮನಿಗೆ ಮೈಲಿಗೆ. ಉಟ್ಟ ಬಟ್ಟೆಯಲ್ಲೇ ತಲೆಗೆ ತಣ್ಣೀರು ಹೊಯ್ದುಕೊಳ್ಳಬೇಕು, ಶುಭಕಾರ್ಯದಲ್ಲಿ ಕೂರುವಂತಿಲ್ಲ. ತಾಯಿ ಕೂರದೆ ಮುಂಜಿ ನಡೆಯದು. ಕಿವಿಗೆ ಬೀಳದಿದ್ದರೆ ಏನೂ ಇಲ್ಲ, ಎಲ್ಲವೂ ಶುದ್ಧ. ಎಷ್ಟೋ ಮನೆಗಳಲ್ಲಿ ಹೀಗೆ ಸುದ್ದಿಯನ್ನು ಒಂದು ದಿನ, ಎರಡು ದಿನ ಅಡಗಿಸಿಟ್ಟಿದ್ದಾರೆ, ಅದನ್ನು ಯಾರೂ ಪಾಪ ಎಂದುಕೊಂಡಿರಲಿಲ್ಲ. ಅಜ್ಜಿ ಅಪ್ಪನನ್ನು ದೇವರ ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದಳು. ಹೊರಗೆ ಬಂದ ಅಪ್ಪ ತೆಂಗಿನಕಾಯಿ ಕಡಿಮೆ ಬಿದ್ದಿದೆ ಎಂದು ಹೇಳಿ ಹೊರಟ. ಫೋನಿನ ರಿಸೀವರನ್ನು ಯಾರೋ ಪಕ್ಕಕ್ಕೆ ಎತ್ತಿಟ್ಟು ಮೇಲೊಂದು ಟವೆಲ್ ಮುಚ್ಚಿದ್ದರು. ನಾನು ಅದನ್ನು ನೋಡಿದೆ. ಗಲಾಟೆ ಬೇಡವೆಂದು ಹಾಗೆ ಮಾಡಿರಬೇಕು ಎಂದುಕೊಂಡೆ.

ಆ ಮಧ್ಯಾಹ್ನವೆಲ್ಲ ಅಮ್ಮ ಹಿತ್ತಲ ಬಾಗಿಲಲ್ಲಿ ಕೂತು ಅವರೆ ಹಿದುಕಿದಳು. ಮುಂಜಿಯ ಅಡಿಗೆಗಲ್ಲ, ಸೀನನಿಗೆ. ಕಾಮಾಲೆ ಇಳಿದ ಮೇಲೆ ಅವನಿಗೆ ಅದೇ ಮೊದಲ ಊಟ ಆಗಬೇಕಂತೆ. ದಪ್ಪ ದಪ್ಪ ಬೇಳೆಯನ್ನೇ ಆರಿಸಿ ಸ್ಟೀಲ್ ಡಬ್ಬಿಗೆ ಹಾಕುತ್ತಿದ್ದಳು. ನಾಳೆ ಮುಂಜಿ ಇಟ್ಟುಕೊಂಡು ಹೊರಗೆ ಹೋಗಬೇಡ ಎಂದು ಅಜ್ಜಿ ಆ ದಿನ ಅವಳನ್ನು ಆಸ್ಪತ್ರೆಗೆ ಬಿಟ್ಟಿರಲಿಲ್ಲ. “ಆಸ್ಪತ್ರೆಯಿಂದ ಯಾರಾದ್ರೂ ಫೋನ್ ಮಾಡಿದ್ರಾ?” ಎಂದು ಹೋಗಿ ಬರುವವರನ್ನೆಲ್ಲ ಕೇಳುತ್ತಿದ್ದಳು. ಸಂಜೆ ಅಪ್ಪ ಬಂದಾಗ ಅವನ ತಲೆ ಒದ್ದೆಯಾಗಿತ್ತು. ಬನಶಂಕರಿಯ ಸ್ಮಶಾನದಲ್ಲಿ ಕೆಲಸ ಮುಗಿಸಿ, ಮಿಂದು ಬಂದಿದ್ದ; ಭಾವನಾದ ಅವನಿಗೆ ಮಿಂದರೆ ಸಾಕು ಎಂಬುದು ಅಜ್ಜಿಯ ಲೆಕ್ಕ. ಅಮ್ಮ ಏನೆಂದು ಕೇಳಿದಳು. “ಬಿಸಿಲಿತ್ತು, ತಲೆ ಮೇಲೆ ನೀರು ಹಾಕ್ಕೊಂಡೆ,” ಎಂದ. ಅವಳು ಎದ್ದು ಟವೆಲ್ ತಂದು, “ಶೀತ ಆಗತ್ತೆ, ಒರೆಸ್ಕೊಳ್ಳಿ ಮೊದ್ಲು,” ಎಂದು ಕೊಟ್ಟಳು. ತಮ್ಮನನ್ನು ಸುಟ್ಟು ಬಂದ ತಲೆಗೆ ಅವಳೇ ಟವೆಲ್ ಕೊಟ್ಟಳು. ಆ ರಾತ್ರಿಯ ಊಟಕ್ಕೆ ಎಲ್ಲರಿಗೂ ಅವಳೇ ತುಪ್ಪ ಬಡಿಸಿದಳು. ಅಜ್ಜಿ ಎಂದಿನಂತೆ, “ಇನ್ನೊಂದು ಚೂರು ಹಾಕೇ,” ಎಂದು ಕೈ ಮುಂದೆ ಮಾಡಿದಳು.

ಮರುದಿನ ಮುಂಜಿ ಚೆನ್ನಾಗಿ ನಡೆಯಿತು. ಸೋದರಮಾವ ಕೂರುವ ಜಾಗದಲ್ಲಿ ಅಪ್ಪನ ದೂರದ ನೆಂಟರೊಬ್ಬರು ಕೂತರು. ಡಾಕ್ಟರು ಬಿಡಲಿಲ್ಲವಂತೆ ಎಂದು ಅಮ್ಮನಿಗೆ ಹೇಳಲಾಗಿತ್ತು. ಆ ದಿನದ ಆಲ್ಬಂ ಈಗಲೂ ನನ್ನ ಬೀರುವಿನಲ್ಲಿದೆ. ಮಾತೃಭೋಜನದ ಫೋಟೋದಲ್ಲಿ ಬೋಳುತಲೆಯ ರಘುವಿಗೆ ಅಮ್ಮ ತುತ್ತು ಕೊಡುತ್ತಿದ್ದಾಳೆ, ಬಾಯಿ ತುಂಬ ನಗು. ಹಿಂದೆ ನಿಂತವರ ಮುಖಗಳೆಲ್ಲ ಬಿಗಿದುಕೊಂಡಿವೆ. ಆ ಆಲ್ಬಮ್ಮಿನಲ್ಲಿ ನಗುತ್ತಿರುವವಳು ಅವಳೊಬ್ಬಳೇ.

ಎಲೆ ಎತ್ತಿ, ನೆಂಟರು ಕರಗಿದ ಮೇಲೆ ಅವಳಿಗೆ ಹೇಳಿದರು. ಹೇಳಿದವಳು ಅಜ್ಜಿಯೇ. ಅಮ್ಮ ಕಿರುಚಲಿಲ್ಲ. ರೇಷ್ಮೆ ಸೀರೆಯಲ್ಲೇ ಹಿತ್ತಲಿಗೆ ಹೋಗಿ, ತೊಟ್ಟಿಯಿಂದ ತಂಬಿಗೆ ತಂಬಿಗೆ ನೀರು ತಲೆಯ ಮೇಲೆ ಸುರಿದುಕೊಂಡಳು. ಹತ್ತಿರ ಹೋಗುವ ಧೈರ್ಯ ಯಾರಿಗೂ ಬರಲಿಲ್ಲ. ಕೊನೆಗೆ ಒಗೆಯುವ ಕಲ್ಲಿನ ಮೇಲೆ ಕೂತು, ಬಾಗಿಲಲ್ಲಿ ನಿಂತಿದ್ದ ನಮ್ಮನ್ನೆಲ್ಲ ನೋಡಿ ಒಂದೇ ಮಾತು ಹೇಳಿದಳು. “ನಿನ್ನೆ ನಾನು ತುಪ್ಪ ಬಡಿಸ್ದಾಗ ಎಲ್ರೂ ಕೈ ಒಡ್ಡಿದ್ರಲ್ಲ. ಒಬ್ಬರ ಕೈಯಾದ್ರೂ ನಡುಗ್ಬಾರ್ದಾಗಿತ್ತಾ?” ಡಬ್ಬಿಯಲ್ಲಿದ್ದ ಅವರೆಬೇಳೆ ಹುಳಿತು ನೊರೆ ಬಂದಿತ್ತು, ಸಂಪಿಗೆ ಮರದ ಬುಡಕ್ಕೆ ಚೆಲ್ಲಿದಳು. ಅಜ್ಜಿಗೆ ಕೊನೆಯವರೆಗೆ ಹಾಸಿಗೆಯಲ್ಲೇ ಎಲ್ಲ ಮಾಡಿದಳು, ಒಂದು ಬಿರುಸು ಮಾತು ಆಡಲಿಲ್ಲ. ಆದರೆ ಆ ಮನೆಗೆ ಮತ್ತೆ ಅವರೆಕಾಯಿ ಬರಲಿಲ್ಲ. ಇವಳಿಗೆ ನಾನು ಯಾವತ್ತೂ ಸುಳ್ಳು ಹೇಳುವುದಿಲ್ಲ ಎಂದು ನಾನು ಆಗಲೇ ನಿಶ್ಚಯಿಸಿಕೊಂಡಿದ್ದೆ. ಶಾಲೆಯ ಮಾರ್ಕ್ಸಿನಿಂದ ಹಿಡಿದು ನನ್ನ ಮುರಿದ ಮದುವೆಯವರೆಗೆ ಅವಳಿಗೆ ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿದ್ದೇನೆ.

ಹಾಗಾಗಿ ಈ ಸೋಮವಾರವೂ ನಿಜವನ್ನೇ ಹೇಳಿದೆ. ಪಕ್ಕದಲ್ಲಿ ಕೂತು, ಕೈ ಹಿಡಿದುಕೊಂಡು, “ಸೀನಮಾವ ಹೋಗಿ ತುಂಬಾ ವರ್ಷ ಆಯ್ತಮ್ಮ,” ಎಂದೆ. ಅವಳಿಗೆ ವರ್ಷ ಕೇಳಿಸಲಿಲ್ಲ, ಹೋದದ್ದು ಮಾತ್ರ ಕೇಳಿಸಿತು. ಮುಖ ಅಂದಿನ ಹಾಗೆಯೇ ಬಿಳಿಚಿತು. ಗೋಡೆ ಹಿಡಿದುಕೊಂಡು ಬಚ್ಚಲಿಗೆ ನಡೆದಳು. ನಾನು ಗೀಸರ್ ಹಾಕಲು ಹೋದರೆ ತಡೆದಳು. “ಬಿಸಿನೀರು ಹಬ್ಬಕ್ಕೆ. ಇದಕ್ಕೆ ತಣ್ಣೀರೇ.” ಸೀರೆಯಲ್ಲೇ ನಲ್ಲಿಯ ಕೆಳಗೆ ಕೂತಳು. ಗೊತ್ತಿರುವುದೆಲ್ಲ ಅಳಿಸಿಹೋಗುತ್ತಿರುವ ತಲೆಯಲ್ಲಿ ಆ ಶಾಸ್ತ್ರವೊಂದು ಗಟ್ಟಿಯಾಗಿ ಕೂತಿತ್ತು.

ಮಂಗಳವಾರ ಮತ್ತೆ ಎದುರುಮನೆಯ ಸೊಗಡು, ಮತ್ತೆ ಅದೇ ಪ್ರಶ್ನೆ, ಹೊಸದಾಗಿ ಅದೇ ಸಾವು, ಅದೇ ತಣ್ಣೀರು. ಬುಧವಾರವೂ. ಒಂದೇ ವಾರದಲ್ಲಿ ನಾನು ಅವಳ ತಮ್ಮನನ್ನು ಎಷ್ಟು ಸಲ ಕೊಂದೆನೋ. ಗುರುವಾರ ಕೆಮ್ಮು ಎದೆಗಿಳಿಯಿತು, ಮೈ ಸುಡತೊಡಗಿತು. ಕ್ಲಿನಿಕ್ಕಿನ ಡಾಕ್ಟರು ಬೆನ್ನಿಗೆ ಸ್ಟೆತಸ್ಕೋಪಿಟ್ಟು, “ಕಫ ಕಟ್ಟಿದೆ ಮೇಡಂ. ಇನ್ನೊಂದ್ಸಲ ತಣ್ಣೀರು ಹಾಕ್ಕೊಂಡ್ರೆ ನ್ಯುಮೋನಿಯಾ. ಈ ವಯಸ್ಸಲ್ಲಿ ಆಮೇಲೆ ನಮ್ಮ ಕೈಲಿರಲ್ಲ,” ಎಂದರು. ಬನಶಂಕರಿಯಲ್ಲಿರುವ ರಘುವಿಗೆ ಫೋನ್ ಮಾಡಿದೆ. “ಬರ್ತಾನೆ ಅಂದ್ಬಿಡೇ, ಮುಗೀತು. ಅವಳಿಗೇನು ನೆನಪಿರುತ್ತಾ?” ಎಂದ. ಅಜ್ಜಿಯೂ ಹೀಗೇ ಅಂದಿರಬೇಕು ಎಂದೆ. “ಆ ಮುಂಜಿ ನಾನು ಕೇಳಿದ್ನೇನೇ?” ಎಂದು ಫೋನಿಟ್ಟ.

ಶನಿವಾರ ಜ್ವರ ಕೊಂಚ ಬಿಟ್ಟಿತ್ತು. ಎದುರುಮನೆಯಾಕೆ, “ಆಂಟಿಗೆ ಇಷ್ಟ ಅಂತ ಕಾಣುತ್ತೆ, ದಿನಾ ನಮ್ಮ ಬಾಗಿಲ ಕಡೆನೇ ನೋಡ್ತಿರ್ತಾರೆ,” ಎಂದು ನೆನೆದ ಅವರೆಕಾಳನ್ನು ಒಂದು ಬಟ್ಟಲು ಕೊಟ್ಟು ಹೋದರು. ಬೇಡವೆನ್ನುವ ಮೊದಲೇ ಅಮ್ಮ ಬಟ್ಟಲನ್ನು ಮಡಿಲಿಗೆ ಎಳೆದುಕೊಂಡಿದ್ದಳು. ರವಿಕೆಯ ಗುಂಡಿ ಹಾಕಲು ಮರೆತ ಬೆರಳುಗಳು ಹಿದುಕುವುದನ್ನು ಮರೆತಿರಲಿಲ್ಲ. ದಪ್ಪ ಬೇಳೆಗಳನ್ನು ಬೇರೆ ಇಟ್ಟಳು. ನಾನು ಸಾರು ಮಾಡಿದೆ. ಎಷ್ಟೋ ವರ್ಷಗಳ ಮೇಲೆ ಆ ಪರಿಮಳದಲ್ಲಿ ನಾವಿಬ್ಬರೂ ಊಟಕ್ಕೆ ಕೂತೆವು. “ಸೀನ ಬರ್ತಾನೇನೇ?” ಎಂದಳು.

“ಬರ್ತಾನಮ್ಮ. ಸಂಜೆ ಬರ್ತಾನೆ,” ಎಂದು ಹೇಳಿ ತುಪ್ಪದ ಚಮಚ ಎತ್ತಿದೆ.

ತುಪ್ಪ ಅನ್ನಕ್ಕೆ ಬೀಳಲಿಲ್ಲ, ತಟ್ಟೆಯ ಅಂಚಿಗೆ ಬಿತ್ತು. ಅಮ್ಮ ಆ ಚಮಚವನ್ನು ನೋಡಿದಳು, ನನ್ನ ಬೆರಳುಗಳನ್ನು ನೋಡಿದಳು. ತಟ್ಟೆಯನ್ನು ಮೆಲ್ಲಗೆ ದೂರ ಸರಿಸಿದಳು. “ಯಾವಾಗ ಹೋದ?” ಎಂದು ಕೇಳಿದಳು.

ನಾನು ಚಮಚವನ್ನು ತುಪ್ಪದ ಬಟ್ಟಲಿಗೆ ಇಳಿಸಿದೆ. ಅವಳು ಎದ್ದು ಬಚ್ಚಲಿಗೆ ಹೋಗಿ ಮಣೆಯ ಮೇಲೆ ಕೂತಳು. ನಾನು ಹಿಂದೆಯೇ ಹೋಗಿ ಗೀಸರಿನ ಸ್ವಿಚ್ ಒತ್ತಿದೆ. ನಲ್ಲಿಯಲ್ಲಿ ನೀರು ನಿಂತಿದೆ, ಸ್ವಲ್ಪ ತಡಿ ಎಂದೆ. ಕಾದಿದ್ದಳು, ಕೆಮ್ಮುತ್ತ. ನೀರು ಉಗುರುಬೆಚ್ಚಗಾದ ಮೇಲೆ ಮೊದಲ ತಂಬಿಗೆಯನ್ನು ಅವಳ ನೆತ್ತಿಗೆ ನಾನೇ ಹೊಯ್ದೆ.

“ಬಿಸಿ ಇದ್ಯಲ್ಲೇ?” ಎಂದಳು.

“ಇಲ್ಲಮ್ಮ, ತಣ್ಣೀರೇ,” ಎಂದೆ. ಈ ಸಲ ನನ್ನ ಕೈ ನಡುಗಲಿಲ್ಲ.