ಮೂರು ಚುಕ್ಕಿಯ ತಾಟು

ದೀಪಾವಳಿ ಹತ್ತಿರವಾಯಿತೆಂದರೆ ಹಳೆಯ ಹಿತ್ತಾಳೆ ಪಾತ್ರೆಗಳನ್ನು ಚೀಲಕ್ಕೆ ತುಂಬಿ, ಸಿರುಗುಪ್ಪದಿಂದ ಬಸ್ಸು ಹತ್ತಿ, ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಕೊಟ್ಟು ಥಳಥಳಿಸುವ ಸ್ಟೀಲು ತರುವುದು ಈಚೀಚೆಗೆ ನಮ್ಮ ಮನೆಯಲ್ಲೂ ರೂಢಿಯಾಗಿದೆ. ಹೀಗೆ ಹೋಗುವ ಚೀಲದಲ್ಲಿ ಪ್ರತಿವರ್ಷವೂ ಒಂದು ತಾಟು ಇರುತ್ತದೆ, ಪ್ರತಿವರ್ಷವೂ ಅದು ಹೋದ ಹಾಗೆಯೇ ಮನೆಗೆ ಮರಳುತ್ತದೆ. ಅಂಚು ಒಂದು ಕಡೆ ನೆಗ್ಗಿದೆ. ಹಿಂಬದಿಯಲ್ಲಿ ನನ್ನ ಅಜ್ಜಿಯ ಹೆಸರಿದೆ. ಆ ಹೆಸರಿನ ಪಕ್ಕದಲ್ಲಿ ಉಳಿಯಿಂದ ಹೊಡೆದ ಮೂರು ಚುಕ್ಕಿಗಳಿವೆ. ಹೆಸರು ಮದುವೆಯ ಉಡುಗೊರೆಯ ಕಾಲದ್ದು. ಚುಕ್ಕಿಗಳ ಕಥೆ ಬೇರೆ, ಅದನ್ನು ನಿಮಗೆ ಹೇಳದೆ ಈ ತಾಟನ್ನು ತೂಕಕ್ಕೆ ಹಾಕಲು ನನಗೆ ಮನಸ್ಸು ಬರುವುದಿಲ್ಲ.

ಅರವತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಕುರುಗೋಡಿನ ಸರ್ಕಾರಿ ಶಾಲೆಯಲ್ಲಿ ಓದುತ್ತಿದ್ದೆ. ಹಡಗಿನಲ್ಲಿ ಬಂದಿದ್ದೆಂದು ನಾವು ನಂಬಿದ್ದ ಗೋದಿ ನುಚ್ಚಿನಿಂದ ಮಧ್ಯಾಹ್ನ ಉಪ್ಪಿಟ್ಟು ಮಾಡಿ ಹಾಕುತ್ತಿದ್ದರು. ತಾಟು ಮಾತ್ರ ನಮ್ಮ ನಮ್ಮ ಮನೆಯದು. ಉಪ್ಪಿಟ್ಟು ಮಾಡುತ್ತಿದ್ದವಳು ಮಲ್ಲವ್ವ, ನಮ್ಮ ಓಣಿಯ ಕೊನೆಯ ಮನೆಯವಳು, ಗಂಡನಿಲ್ಲದವಳು, ಅಕ್ಷರ ಕಲಿಯದವಳು. ಊರಿನ ಯಾವ ಮದುವೆಯಾದರೂ ಅಡುಗೆಮನೆಯ ಯಜಮಾನಿಕೆ ಅವಳದೇ. ನಮ್ಮ ಕಡೆ ಮದುವೆಯೆಂದರೆ ಓಣಿಯ ಪಾತ್ರೆಗಳೆಲ್ಲ ಒಂದೇ ಚಪ್ಪರದಡಿ ಕೂಡುತ್ತವೆ. ಕೊಪ್ಪರಿಗೆ, ಕೊಳಗ, ತಾಟು, ಚೊಂಬು ಎಲ್ಲ ಕಲೆತು ಹೋಗುತ್ತವೆ. ಮದುವೆ ಮುಗಿದ ಮರುದಿನ ಮಲ್ಲವ್ವ ಅಷ್ಟನ್ನೂ ತೊಳೆದು ಬೋರಲು ಹಾಕಿ, ಹಿಂಬದಿಯ ಹೆಸರಿನ ಮೇಲೆ ಹೆಬ್ಬೆರಳಾಡಿಸಿ, ಯಾರದು ಯಾರ ಮನೆಗೆಂದು ವಿಂಗಡಿಸುತ್ತಿದ್ದಳು. ಒಂದು ಚಮಚವೂ ಅತ್ತಿತ್ತ ಆದದ್ದಿಲ್ಲ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ನಮ್ಮ ಮನೆಯ ಸಂಗತಿಯನ್ನೂ ಹೇಳಿಬಿಡುತ್ತೇನೆ. ಅಪ್ಪ ಬಳ್ಳಾರಿಯ ಹತ್ತಿ ಗಿರಣಿಯೊಂದರಲ್ಲಿ ಗುಮಾಸ್ತ. ಗಿರಣಿ ಮುಚ್ಚಿತು. ಆದರೂ ಅಪ್ಪ ಹಣೆಗೆ ವಿಭೂತಿ ಧರಿಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ದಿನವೂ ಅದೇ ಬಸ್ಸಿಗೆ ಹೋಗುತ್ತಿದ್ದರು. ಇದ್ದ ಕೆಲಸಕ್ಕಲ್ಲ, ಕೆಲಸ ಹುಡುಕಲು. ಅದು ಊರಿಗೆ ತಿಳಿಯಬೇಕಾಗಿರಲಿಲ್ಲ. ಅವ್ವನ ಉಪಾಯ ಇನ್ನೂ ದೊಡ್ಡದು. ಜೋಳದ ರೊಟ್ಟಿ ಬಡಿಯುವ ಸಪ್ಪಳ ಪಕ್ಕದ ಮನೆಗೆ ಕೇಳುತ್ತದಲ್ಲವೇ? ಅವ್ವ ಎರಡು ರೊಟ್ಟಿಯ ಹಿಟ್ಟನ್ನು ಹತ್ತು ರೊಟ್ಟಿಯಷ್ಟು ಹೊತ್ತು ಬಡಿಯುತ್ತಿದ್ದಳು. ಬಡಿದ ರೊಟ್ಟಿಯನ್ನೇ ಮತ್ತೆ ಮುದ್ದೆ ಮಾಡಿ ಮತ್ತೆ ಬಡಿಯುತ್ತಿದ್ದಳು. ಓಣಿಯವರೆಲ್ಲ ನಮ್ಮದು ತುಂಬಿದ ಮನೆಯೆಂದೇ ತಿಳಿದಿದ್ದರು. ನನಗೆ ಹೊಟ್ಟೆ ತುಂಬುತ್ತಿದ್ದದ್ದು ಶಾಲೆಯ ಉಪ್ಪಿಟ್ಟಿನಿಂದ ಮಾತ್ರ.

ಅಂಥ ಹೊತ್ತಿನಲ್ಲಿ ಊರಲ್ಲಿ ಒಂದು ಚರ್ಚೆ ಎದ್ದಿತು. ನುಚ್ಚಿನ ಚೀಲಗಳು ಬರುವುದು ಕಡಿಮೆಯಾಗಿತ್ತು. ಉಪ್ಪಿಟ್ಟನ್ನು ನಿಲ್ಲಿಸಿಯೇ ಬಿಡಬೇಕೆಂದು ಕೆಲವರು, ಉಳ್ಳವರ ಮಕ್ಕಳನ್ನು ಬಿಟ್ಟು ನಿಜವಾದ ಬಡವರಿಗಷ್ಟೇ ಹಾಕಬೇಕೆಂದು ಕೆಲವರು. ಹೆಡ್‌ಮಾಸ್ತರರು ಬಳ್ಳಾರಿಯ ಸತ್ಯನಾರಾಯಣಪೇಟೆಯವರು, ನಮ್ಮೂರಿಗೆ ಹೊಸಬರು, ನ್ಯಾಯವಂತರು. ಅವರು ಎರಡನೆಯದನ್ನು ಆರಿಸಿ ಒಂದು ಪಟ್ಟಿ ಬರೆದರು. ಗುಮಾಸ್ತರ ಮಗಳ ಹೆಸರು ಅದರಲ್ಲಿ ಇರಲು ಸಾಧ್ಯವೇ ಇರಲಿಲ್ಲ. ಪಟ್ಟಿ ನೋಡಿ ಬಡಿಸಲು ಮಲ್ಲವ್ವನಿಗೆ ಓದು ಬಾರದು. ಆದ್ದರಿಂದ ಪಟ್ಟಿಯಲ್ಲಿದ್ದವರ ತಾಟುಗಳನ್ನು ಬ್ರೂಸ್‌ಪೇಟೆಗೆ ಒಯ್ದು, ಪಾತ್ರೆಗೆ ಹೆಸರು ಕೊರೆಯುವವನ ಕೈಯಿಂದ ಮೂರು ಚುಕ್ಕಿ ಹೊಡೆಸಿಕೊಂಡು ಬರಬೇಕು; ಚುಕ್ಕಿಯ ತಾಟಿಗೆ ಮಾತ್ರ ಉಪ್ಪಿಟ್ಟು. ಹೆಸರುಗಳನ್ನು ಅವಳಿಗೆ ಒಮ್ಮೆ ಓದಿ ಹೇಳಿ, ಬಸ್ಸಿನ ಚಾರ್ಜೂ ಕೊಟ್ಟರು.

ಮರುದಿನ ಬೆಳಿಗ್ಗೆ ಮಲ್ಲವ್ವ ಗೋಣಿಚೀಲ ಹಿಡಿದು ನಮ್ಮ ಬಾಗಿಲಿಗೆ ಬಂದಳು. ಒಳಗೆ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಮಲ್ಲವ್ವ ಹೊಸ್ತಿಲಾಚೆ ನಿಂತು ತುಸು ಹೊತ್ತು ಆ ಸಪ್ಪಳ ಕೇಳಿದಳು. ಜೀವಮಾನವಿಡೀ ರೊಟ್ಟಿ ಬಡಿದ ಕಿವಿ ಅದು. ಆಮೇಲೆ ಕೂಗಿದಳು.

"ಅಕ್ಕಾರ, ನಿಮ್ಮ ಹುಡುಗಿ ತಾಟು ಕೊಡ್ರಿ. ಬಳ್ಳಾರಿಗೆ ಹೊಂಟೀನಿ."

ಅವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ನಮ್ಮಕಿ ಹೆಸರು ಪಟ್ಟಿಯಾಗ ಇಲ್ಲವ್ವಾ."

"ಪಟ್ಟಿ ಗಿಟ್ಟಿ ನನಗೇನು ಗೊತ್ತಾಗ್ತೈತ್ರಿ? ಓದಾಕ ಬರಲ್ಲ. ಎಲ್ಲಾರ ಮನಿದೂ ಒಯ್ಯಾಕತ್ತೀನಿ."

ಅವ್ವ ಕೈಯ ಹಿಟ್ಟನ್ನು ಉದುರಿಸಿಕೊಂಡಳು. ಕೇಳಿ ಪಡೆಯುವ ಪ್ರಸಂಗ ಬಂದಿದ್ದರೆ ಅವಳು ನನ್ನನ್ನು ಉಪವಾಸ ಮಲಗಿಸುತ್ತಿದ್ದಳೇ ಹೊರತು ಬಾಯಿ ಬಿಡುತ್ತಿರಲಿಲ್ಲ. ಆದರೆ ಇಲ್ಲಿ ಕೇಳುತ್ತಿದ್ದವಳು ಮಲ್ಲವ್ವ. ಅವ್ವ ಒಳಗೆ ಹೋಗಿ, ತಾಟನ್ನು ಸೆರಗಿನಿಂದ ಒರೆಸಿ ತಂದು, ಎರಡೂ ಕೈಯಿಂದ ಕೊಟ್ಟಳು. ನನ್ನ ಅವ್ವ ಯಾರಿಗಾದರೂ ಹಾಗೆ ಎರಡು ಕೈಯಿಂದ ಕೊಟ್ಟದ್ದನ್ನು ನಾನು ಅದಕ್ಕೆ ಮುಂಚೆ ಜಂಗಮರಿಗೆ ಭಿಕ್ಷೆ ನೀಡುವಾಗ ಮಾತ್ರ ನೋಡಿದ್ದೆ.

ಸಂಜೆಯ ಬಸ್ಸಿಗೆ ತಾಟುಗಳು ಬಂದವು, ಶಾಲೆಯ ಅಷ್ಟೂ ಮಕ್ಕಳವು, ಒಂದೂ ಬಿಡದೆ ಮೂರು ಮೂರು ಚುಕ್ಕಿ ಹೊತ್ತು. ಮರುದಿನ ಹೆಡ್‌ಮಾಸ್ತರರು ತಲೆ ಮೇಲೆ ಕೈ ಹೊತ್ತರು. "ಏನು ಮಾಡಿದಿ ಮಲ್ಲವ್ವಾ? ಪಟ್ಟಿಯವರು ಯಾರಂತ ನೀ ಈಗ ಹೆಂಗ ಗುರುತು ಹಿಡೀತಿ?"

"ಅಷ್ಟು ಹೆಸರು ನೆನಪಿನಾಗ ಉಳೀತಾವೇನ್ರೀ ಸರ? ತಪ್ಪಾತು," ಎಂದಳು ಅವಳು, ತಪ್ಪಾದವರ ಮುಖ ಹಾಕಿಕೊಂಡು.

ಊರ ಪಾತ್ರೆಗಳನ್ನೆಲ್ಲ ಹೆಬ್ಬೆರಳಿನಿಂದ ಓದುತ್ತಿದ್ದವಳ ಮಾತಿದು! ಬೇರೆ ಊರಿನ ಹೆಡ್‌ಮಾಸ್ತರರಿಗೆ ಅದು ತಿಳಿದಿರಲಿಲ್ಲ. ತಿಳಿದಿದ್ದ ನಮ್ಮೂರಿನವರು ತುಟಿ ಬಿಚ್ಚಲಿಲ್ಲ. ಬಡಿಸುವ ಮುಂಚೆ ಪಟ್ಟಿಯ ಹೆಸರಾದರೂ ಕೂಗೋಣವೆಂದು ಹೆಡ್‌ಮಾಸ್ತರರು ಪುಸ್ತಕ ತೆರೆದರೆ ಮಲ್ಲವ್ವ ಸೌಟು ಎತ್ತಿಬಿಟ್ಟಿದ್ದಳು. "ಮೊದ್ಲು ಉಣ್ಲಿ ಬಿಡ್ರಿ ಸರ, ಹೆಸರು ಆಮ್ಯಾಲ." ಏನು ಮಾಡಬೇಕೆಂದು ಅವರು ಮೇಲಿನವರಿಗೆ ಪತ್ರ ಬರೆದರು, ಅಲ್ಲಿಯ ತನಕ ಎಲ್ಲರಿಗೂ ಉಪ್ಪಿಟ್ಟು. ಉತ್ತರ ಬರುವಷ್ಟರಲ್ಲಿ ಅಪ್ಪನಿಗೆ ಎಣ್ಣೆ ಗಿರಣಿಯಲ್ಲಿ ಕೆಲಸ ಸಿಕ್ಕು, ನಾನು ಆ ಶಾಲೆಯನ್ನೇ ಮುಗಿಸಿದ್ದೆ.

ಇದನ್ನೆಲ್ಲ ಜಾಣತನದ ಗೆಲುವೆಂದು ನಾನು ಹೇಳುತ್ತಿಲ್ಲ. ಬಂದ ನುಚ್ಚು ಅಷ್ಟೇ ಇತ್ತು. ಎಲ್ಲರಿಗೂ ಹಾಕಿದ್ದರಿಂದ ಎಲ್ಲರ ಪಾಲೂ ಕಡಿಮೆಯಾಯಿತು. ನನ್ನ ಪಕ್ಕ ಕೂರುತ್ತಿದ್ದ ಹನುಮಕ್ಕ ಪಟ್ಟಿಯಲ್ಲಿ ನ್ಯಾಯವಾಗಿ ಇದ್ದವಳು. ಅವಳ ತಾಟಿನ ಅರ್ಧ ಸೌಟು ನನ್ನ ತಾಟಿಗೆ ಬಂದಿತ್ತು. ಅವಳು ಒಮ್ಮೆಯೂ ಅದರ ಮಾತೆತ್ತಲಿಲ್ಲ. ತಾಟು ಹಿಡಿದಾಗ ನಾನು ಚುಕ್ಕಿಗಳ ಮೇಲೆ ಬೆರಳು ಮುಚ್ಚಿಕೊಂಡರೆ ಅವಳು ನಗುತ್ತಿದ್ದಳು. "ಎಲ್ಲಾರಿಗೂ ಐತಲ್ಲಲೇ, ಯಾಕ ಮುಚ್ಚಿಗೋತಿ?" ಮನೆಗೆ ಬಂದು ಹುಣಸೆಹಣ್ಣು ಹಾಕಿ ಉಜ್ಜಿ ಉಜ್ಜಿ ನೋಡಿದ್ದೇನೆ. ತಾಟು ಹೊಳೆಯಿತು, ಚುಕ್ಕಿಗಳು ಇನ್ನಷ್ಟು ಹೊಳೆದವು. ಆಗ ನಾಚಿಕೆಪಟ್ಟೆ. ಈಗ ಆ ನಾಚಿಕೆಯನ್ನು ನೆನೆದು ನಾಚಿಕೆಪಡುತ್ತೇನೆ.

ಈಗ ನಾನು ಸಿರುಗುಪ್ಪದಲ್ಲಿ ಶಿಕ್ಷಕಿ, ಮತ್ತು ಅದೇ ಚರ್ಚೆ ನನಗಿಂತ ಮುಂಚೆಯೇ ಶಾಲೆಗೆ ಬಂದು ಕೂತಿರುತ್ತದೆ. ಪತ್ರಿಕೆ ಬಿಡಿಸಿದರೆ ಸಾಕು, ಸರ್ಕಾರ ಅಕ್ಕಿ ಯಾಕೆ ಕೊಡಬೇಕು, ಬಟ್ಟೆ ಯಾಕೆ ಕೊಡಬೇಕು, ಪುಕ್ಕಟೆ ಉಂಡವರು ಮೈಗಳ್ಳರಾಗುವುದಿಲ್ಲವೇ ಎಂದು ಸಹೋದ್ಯೋಗಿ ಬಸವರಾಜಪ್ಪನವರು ಶುರು ಮಾಡುತ್ತಾರೆ. ಅವರು ಕೆಟ್ಟವರಲ್ಲ, ಸ್ಲೇಟು ಒಡೆದ ಮಕ್ಕಳಿಗೆ ಸದ್ದಿಲ್ಲದೆ ತಮ್ಮ ಕೈಯಿಂದ ಸ್ಲೇಟು ಕೊಡಿಸುವವರು. ಅವರ ಮಾತಿನಲ್ಲಿ ನಿಜವೂ ಇದೆ. ಸೋರುವುದು ಸೋರುತ್ತದೆ, ಉಂಡವರೇ ಉಣ್ಣುವುದೂ ಉಂಟು. ಪಟ್ಟಿ ಬೇಕು ಎನ್ನುತ್ತಾರೆ. ಬೇಕಿರಬಹುದು. ಆದರೆ ಬಡಿಯುವ ರೊಟ್ಟಿಯ ಸಪ್ಪಳ ಕೇಳಿ ಅದು ಎಷ್ಟನೆಯ ಸಲ ಬಡಿದ ರೊಟ್ಟಿಯೆಂದು ಹೇಳುವ ಕಿವಿ ಯಾವ ಪಟ್ಟಿಗಿದೆ, ನೀವೇ ಹೇಳಿ. ಯಾವುದೋ ದೇಶದ ಗೋದಿಗೆ, ಅದನ್ನು ತಂದ ಸರ್ಕಾರಕ್ಕೆ, ಪಟ್ಟಿ ಬರೆದ ಆ ನ್ಯಾಯವಂತರಿಗೆ, ಪಟ್ಟಿಯನ್ನು ಕೆಡಿಸಿದ ಆ ತಾಯಿಗೆ, ಅರ್ಧ ಸೌಟು ಬಿಟ್ಟುಕೊಟ್ಟ ಹನುಮಕ್ಕನಿಗೆ ನಾನು ಋಣಿ. ಮಲ್ಲವ್ವ ಈಗಿಲ್ಲ. ಇದ್ದಾಗ ಹೋಗಿ ಹೇಳಲಿಲ್ಲವೆಂಬ ನೋವು ನನಗಿದೆ.

ಈ ವರ್ಷವೂ ತಾಟು ಬ್ರೂಸ್‌ಪೇಟೆಯಿಂದ ಮರಳಿತು. ಆದರೆ ಈ ಸಲ ಅದನ್ನು ಮತ್ತೆ ಅಟ್ಟಕ್ಕೆ ಏರಿಸಲಿಲ್ಲ. ಭಾನುವಾರ ಬಸವರಾಜಪ್ಪನವರನ್ನು ಊಟಕ್ಕೆ ಕರೆದೆ. ಹೊಸ ಸ್ಟೀಲು ತಟ್ಟೆಗಳು ಸಾಲಾಗಿ ಇದ್ದರೂ ಅವರ ಮುಂದೆ ಆ ನೆಗ್ಗಿದ ತಾಟನ್ನೇ ಇಟ್ಟೆ. ಅವರು ಎತ್ತಿ ತಿರುವಿ ನೋಡಿದರು.

"ಇದೇನ್ರಿ ಮೇಡಂ, ಹೆಸರಿನ ಮಗ್ಗಲಕ ಮೂರು ಚುಕ್ಕಿ?"

"ಪಟ್ಟಿಯಾಗ ಇದ್ದೋರ ಗುರುತ್ರಿ ಸರ."

"ಯಾವ ಪಟ್ಟಿ? ಯಾರ ಹೆಸರಿತ್ತು ಅದರಾಗ?"

ಉಪ್ಪಿಟ್ಟಿನ ಸೌಟು ನನ್ನ ಕೈಯಲ್ಲಿತ್ತು.

"ಮೊದ್ಲು ಉಣ್ರಿ," ಎಂದೆ. "ಹೆಸರು ಆಮ್ಯಾಲ."