ದುಡುಕಿನ ತಮ್ಮ

ನನ್ನ ತಮ್ಮನಿಗೆ ಮನಸ್ಸಿನಲ್ಲಿ ಹೊಳೆದದ್ದಕ್ಕೂ ಅದನ್ನು ಮಾಡಿಬಿಡುವುದಕ್ಕೂ ನಡುವೆ ಬಿಡುವೇ ಇರಲಿಲ್ಲ. ಅಪ್ಪ ಇಚಲಕರಂಜಿಯಲ್ಲಿ ಪಾವರ್‌ಲೂಮ್ ನೇಕಾರ. ಬೇಸಿಗೆ ರಜೆಯಲ್ಲಿ ನಾವಿಬ್ಬರೂ ಅವ್ವನ ತವರು ಗಡಹಿಂಗ್ಲಜಕ್ಕೆ ಹೋಗುತ್ತಿದ್ದೆವು. ಅಲ್ಲಿ ಒಮ್ಮೆ ಹೊಳೆಯಲ್ಲಿ ಯಾರದೋ ಟೋಪಿ ತೇಲಿ ಹೋಗುತ್ತಿತ್ತು. ಆಗ ಏಳು ವರ್ಷದ ಇವನು ಅಂಗಿಯನ್ನೂ ತೆಗೆಯದೆ ಹಾರಿದ. ಎಮ್ಮೆ ತೊಳೆಯುತ್ತಿದ್ದ ಸೋದರಮಾವ ಕೂದಲು ಹಿಡಿದು ದಡಕ್ಕೆ ಎಳೆದು ತಂದ.

"ಈಜಾಕ ಬರೂದಿಲ್ಲ, ಯಾಕ ಜಿಗದ್ಯೋ?"

"ಜಿಗದ ಮ್ಯಾಲ ನೆನಪಾತು, ಮಾಮಾ."

ಮನೆಮಂದಿ ಎಷ್ಟೋ ವರ್ಷ ಈ ಮಾತು ಹೇಳಿಕೊಂಡು ನಕ್ಕರು. ಅವ್ವ ಮಾತ್ರ ನಗಲಿಲ್ಲ.

ಹದಿನಾಲ್ಕಕ್ಕೆ ಮಾಸ್ತರರ ಮೇಲೆ ಸಿಟ್ಟಾಗಿ ಎದ್ದು ಬಂದವನು ಮತ್ತೆ ಶಾಲೆಗೆ ಹೋಗಲಿಲ್ಲ. ಅಪ್ಪ ತನ್ನ ಮಗ್ಗದ ಹತ್ತಿರವೇ ಕೆಲಸಕ್ಕೆ ಹಚ್ಚಿದ. ಅಲ್ಲಿ ಬೀಡಿ ಬಂತು. ಅವ್ವ ಅಂಗಿ ಮೂಸಿ ಕೇಳಿದರೆ, "ಎಲ್ಲಾರೂ ಸೇದತಾರಬೇ" ಎನ್ನುತ್ತಿದ್ದ. ಅರವತ್ತರ ದಶಕದ ಆ ದಿನಗಳಲ್ಲಿ ದಾರೂಬಂದಿ, ಅಂದರೆ ಪಾನನಿಷೇಧ, ಇತ್ತು. ಆದರೂ ಕಬ್ಬಿನ ಹೊಲಗಳ ಆಚೆ ಕಳ್ಳಭಟ್ಟಿ ಸಿಗುತ್ತಿತ್ತು. ಹದಿನಾರು ತುಂಬುವುದರೊಳಗೆ ಅದೂ ರೂಢಿಯಾಯಿತು. ಅಪ್ಪ ಬಡಿದ. ಅವ್ವ ಉಣ್ಣದೆ ಕುಳಿತಳು. ಅವನು ಅವಳ ಕಾಲು ಹಿಡಿದು ಅತ್ತ. ಆ ಅಳು ಸುಳ್ಳಲ್ಲ. ಆದರೆ ಸಂಜೆ ಗೆಳೆಯರು ಸೀಟಿ ಹೊಡೆದರೆ ಚಪ್ಪಲಿ ಮೆಟ್ಟದೆ ಓಡುತ್ತಿದ್ದ.

ಒಂದು ಬೆಳಿಗ್ಗೆ ಹಾಸಿಗೆಯ ಮೇಲೆ ಎದ್ದು ಕೂತು, "ಅಕ್ಕಾ, ಬಾಗಲಾ ತಗಿ, ಕತ್ತಲಿ ಐತಿ" ಎಂದ. ಬಾಗಿಲು ತೆರೆದೇ ಇತ್ತು. ಬಿಸಿಲು ಅವನ ಮೊಣಕಾಲವರೆಗೂ ಬಂದಿತ್ತು.

ಕೊಲ್ಹಾಪುರದ ದವಾಖಾನೆಯಲ್ಲಿ ಡಾಕ್ಟರರು ಅಪ್ಪನಿಗೆ ಮರಾಠಿಯಲ್ಲಿ ಹೇಳಿದರು: ಕುಡಿದದ್ದರಲ್ಲಿ ವಿಷ ಬೆರೆತಿತ್ತು, ಜೀವ ಉಳಿಯುತ್ತದೆ, ದೃಷ್ಟಿ ಬರುವುದಿಲ್ಲ. ಅವ್ವನಿಗೆ ಡಾಕ್ಟರರ ಮರಾಠಿ ಸರಿಯಾಗಿ ತಿಳಿಯಲಿಲ್ಲ. ನನ್ನ ಮುಖ ನೋಡಿದಳು.

"ಜೀವಕ್ಕ ಧೋಕಾ ಇಲ್ಲಬೇ," ಎಂದೆ.

"ಮತ್ತ ಕಣ್ಣು?"

ನಾನು ಅಪ್ಪನ ಕಡೆ ತಿರುಗಿದೆ. ಮಂಚದ ಮೇಲಿಂದ ತಮ್ಮನೇ ಹೇಳಿದ: "ಇಲ್ಲಂತ, ಯವ್ವಾ."

ಆಮೇಲೆ ಅವನು ಕುಡಿಯಲಿಲ್ಲ. ಮನೆಯಲ್ಲೇ ಕೂತು ಮಗ್ಗದ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುವುದನ್ನು ಕಲಿತ. ಆದರೆ ಪ್ರತಿಯೊಂದನ್ನೂ ಕೇಳಲು ಶುರುಮಾಡಿದ: "ಯವ್ವಾ, ಏಳಲೇನ? ಮುಂದ ಏನರ ಐತೇನ?" ಅವ್ವ ಬಹಳ ದಿನ ಸಹಿಸಿಕೊಂಡಳು. ಕಡೆಗೊಮ್ಮೆ ಬಡಿಯುತ್ತಿದ್ದ ರೊಟ್ಟಿ ಬಿಟ್ಟು ಕೂಗಿದಳು:

"ಏನೂ ಇಲ್ಲೋ! ಕೇಳಬ್ಯಾಡ, ಎದ್ದು ಓಡಿ ಬಾ!"

ಅವನು ಎದ್ದ. ಗೋಡೆ ಸವರುತ್ತ, ಒಂದೊಂದೇ ಹೆಜ್ಜೆಯಿಡುತ್ತ ಒಲೆಯ ಹತ್ತಿರ ಬಂದ.