ಜುಲೈಯಲ್ಲಿ ಹಿಮ ಕಚ್ಚಿದ ಕಿವಿ

ದೆವ್ವ, ಮಾಟ, ಸೋಂಕು ಎಂದು ಯಾರಾದರೂ ಮಾತು ತೆಗೆದರೆ ನನಗೆ ಮೊದಲಿನಿಂದಲೂ ನಗು ಬರುತ್ತಿತ್ತು. ಕಣ್ಣಿಗೆ ಕಾಣದ್ದು ಹೊಟ್ಟೆ ಕೆಟ್ಟಾಗ ಮಾತ್ರ ಕಾಣುತ್ತದೆ ಎಂದು ಗೇಲಿ ಮಾಡುತ್ತಿದ್ದೆ. ಈಗ ನೀವು ನನ್ನನ್ನು ನೋಡಿ ನಕ್ಕರೂ ಬೇಸರವಿಲ್ಲ. ನನ್ನ ಎರಡೂ ಕಿವಿಗಳ ತುದಿ ಮಾತ್ರ ಇವತ್ತಿಗೂ ಇಲ್ಲ.

ಕೆಲವು ವರ್ಷಗಳ ಹಿಂದೆ ನಾನು ದುಬೈ ಸಿಲಿಕಾನ್ ಓಯಸಿಸ್‌ನ ಒಂದು ಕಚೇರಿಯಲ್ಲಿ ಧಣಿಯ ಆಪ್ತ ಸಹಾಯಕನಾಗಿದ್ದೆ. ಧಣಿ ನಮ್ಮ ಉಡುಪಿ ಕಡೆಯವರೇ. ಅವರಿಗೊಂದು ಹುಚ್ಚು. ಅಮೆರಿಕದ ಗಡಿಸೀಮೆಯ ಕೋಟೆಗಳಲ್ಲಿದ್ದ ಹಳೆಯ ಕಾಲದ ಸೈನಿಕರು ಕವಾಯತಿನ ದಿನ ಧರಿಸುತ್ತಿದ್ದ ಶಿರಸ್ತ್ರಾಣಗಳನ್ನು ಕೂಡಿಹಾಕುವುದು. ಉಣ್ಣೆ ಅದುಮಿ ಮಾಡಿದ ಗಟ್ಟಿ ಕರಿಟೋಪಿ, ಹಣೆಯ ಮೇಲೆ ಹಿತ್ತಾಳೆಯ ಹದ್ದು, ನೆತ್ತಿಯಿಂದ ಇಳಿಬಿದ್ದ ಹಳದಿ ಕುದುರೆಗೂದಲು. ಹರಾಜಿನಲ್ಲಿ ಕೊಂಡದ್ದು ಬಂದಾಗ ಬಿಚ್ಚುವುದು, ಆಕಾರ ಕೆಡದಂತೆ ಒಳಗೆ ತೆಳುಕಾಗದ ತುಂಬುವುದು ನನ್ನ ಪಾಲಿನ ಕೆಲಸ. ಅವರ ವಿಲ್ಲಾದಲ್ಲಿ ಟೋಪಿಗಳನ್ನಿಟ್ಟ ಕೋಣೆಯ ಎ.ಸಿ. ವರ್ಷವಿಡೀ ನಿಲ್ಲುತ್ತಿರಲಿಲ್ಲ. ಡ್ರೈವರ್ ಲ್ಯಾನ್ಸಿಯ ಕೋಣೆಯ ಎ.ಸಿ. ಕೆಟ್ಟು ಒಂದು ಬೇಸಿಗೆಯೇ ಕಳೆದಿತ್ತು. ಅದನ್ನು ಕೇಳುವವರಿರಲಿಲ್ಲ.

ಆ ಜುಲೈಯಲ್ಲಿ ನನ್ನ ಒಬ್ಬಳೇ ಮಗಳ ಮದುವೆ. ಜುಲೈ ನಡುವಿಗೆ ತುಳುವರ ಆಟಿ ತಿಂಗಳು ಹಿಡಿದರೆ ನಮ್ಮಲ್ಲಿ ಶುಭಕಾರ್ಯವಿಲ್ಲ, ಹಾಗಾಗಿ ಮುಂದೂಡುವ ಮಾತೇ ಇರಲಿಲ್ಲ. ಧಾರೆ ಎರೆಯಬೇಕಾದವನು ನಾನು. ಧಣಿ ಮಾತ್ರ ರಜೆಯ ವಿಷಯ ಎತ್ತಿದಾಗಲೆಲ್ಲ ‘ನೋಡುವ’ ಎನ್ನುತ್ತಿದ್ದರು.

ಮದುವೆಗೆ ಒಂದು ವಾರ ಇರುವಾಗ, ಒಂದು ಭಾನುವಾರ, ಅವರ ವಿಲ್ಲಾದಲ್ಲಿ ಮಧ್ಯಾಹ್ನದ ಊಟಕ್ಕೆ ಅಬುಧಾಬಿಯಿಂದ ನೆಂಟರು ಬಂದಿದ್ದರು. ಟೋಪಿಗಳನ್ನು ತೋರಿಸಲು ನನ್ನನ್ನೂ ಕರೆಸಿದ್ದರು. ಎಲ್ಲರೆದುರು ಧಣಿ ಒಂದು ಟೋಪಿ ಎತ್ತಿ ನನ್ನ ತಲೆಗೆ ಇಟ್ಟರು.

“ರಜೆ ಬೇಕಲ್ವಾ ಮಾರಾಯ? ಇದನ್ನು ಹಾಕಿ ಲಾನಿನಲ್ಲಿ ಸೆಂಟ್ರಿ ಹಾಗೆ ನಿಲ್ಲು. ಇವರ ಕಾಫಿ ಆಗುವವರೆಗೆ. ಅಲುಗಾಡಿದ್ಯಾ, ರಜೆ ಖಲಾಸ್.”

“ಈ ಬಿಸಿಲಿಗಾ? ಬೇಡ ಬಿಡಿ,” ಎಂದರು ನೆಂಟರಲ್ಲಿ ಒಬ್ಬ ಹೆಂಗಸು.

“ಗದ್ದೆಯಲ್ಲಿ ಬೆಳೆದ ಜನ. ಅವನಿಗೆ ಅಭ್ಯಾಸ ಉಂಟು,” ಎಂದರು ಧಣಿ. ಆ ಹೆಂಗಸೂ ನಕ್ಕರು.

ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ರಾಜೀನಾಮೆ ಬಿಸಾಡಿ ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ಗಂಡಿನ ಕಡೆಯವರು ಒಪ್ಪಿದ್ದೇ ದುಬೈಯ ಬೀಗರೆಂದು. ವೀಸಾ ಕ್ಯಾನ್ಸಲ್ ಆದವನಾಗಿ ಮಂಟಪ ಹತ್ತುವ ಧೈರ್ಯ ನನಗಿರಲಿಲ್ಲ. ಹೊರಗೆ ಹೋಗಿ ನಿಂತೆ.

ಮೊದಮೊದಲು ಊಹಿಸಿದಂತೆಯೇ ಆಯಿತು. ಬೆವರು ಕಣ್ಣಿಗಿಳಿದು ಉರಿಯಿತು, ಚಪ್ಪಲಿಯ ಅಡಿ ಸುಡತೊಡಗಿತು. ಗಾಜಿನಾಚೆ ಅವರು ಉಣ್ಣುತ್ತಿದ್ದರು. ನಾನು ಮನಸ್ಸಿನಲ್ಲೇ ಮಗಳ ಸೀರೆಯ ಬಣ್ಣ ನೆನೆಯುತ್ತ ನಿಂತೆ. ತಡೆದುಕೊಳ್ಳಬಲ್ಲೆ ಎಂಬ ಭರವಸೆಯೂ ಬಂತು.

ಆಮೇಲೆ ಟೋಪಿಯ ಒಳಗಿನ ಚರ್ಮದ ಪಟ್ಟಿ ತಣ್ಣಗಾಯಿತು. ಫ್ರೀಜರಿನಿಂದ ತೆಗೆದ ತಟ್ಟೆಯನ್ನು ಹಣೆಗೆ ಒತ್ತಿದಷ್ಟು ತಣ್ಣಗೆ. ಹಿತವೆನಿಸಿದ್ದು ಒಂದು ಗಳಿಗೆ ಮಾತ್ರ. ಚಳಿ ಕಿವಿಗೆ, ಕತ್ತಿಗೆ, ಬೆರಳಿಗೆ ಇಳಿಯಿತು. ಸುತ್ತ ಕಣ್ಣು ಕುಕ್ಕುವ ಬಿಸಿಲು. ನನ್ನ ಹಲ್ಲು ಕಟಕಟ ಎನ್ನುತ್ತಿತ್ತು. ಕಿವಿಗಳು ಮೊದಲು ಉರಿದು ಆಮೇಲೆ ಇಲ್ಲವೇ ಇಲ್ಲವೆಂಬಂತಾದವು. ನಡುಗಬಾರದೆಂದು ದವಡೆ ಕಚ್ಚಿ ಹಿಡಿದೆ, ಆಗಲಿಲ್ಲ. ಒಳಗಿದ್ದವರು ನಾಟಕವೆಂದು ತಿಳಿದು ಚಪ್ಪಾಳೆ ತಟ್ಟಿದರು. ಅವರ ಕೈಗೆ ಆಗಲೇ ಕಾಫಿ ಬಂದಿತ್ತು.

ಕುಸಿದು ಬಿದ್ದವನನ್ನು ಲ್ಯಾನ್ಸಿ ಓಡಿ ಬಂದು ಎತ್ತಿದ. “ಸರ್, ನಿಮ್ಮ ಕೈ ಐಸ್ ಆಗಿದೆಯಲ್ಲ,” ಎಂದ. ಬಾಗಿಲಲ್ಲಿ ನಿಂತ ಧಣಿ ಹೇಳಿದ್ದು ಇಷ್ಟೇ: “ಅಲುಗಾಡಿದೆ ಮಾರಾಯ. ಮಾತು ಅಂದ್ರೆ ಮಾತು.”

ಮರುದಿನ ಕಿವಿಯ ತುದಿ ಕಪ್ಪಾಯಿತು. ಹಣೆಯ ಸುತ್ತ ಬಿಳಿಚಿದ ಗೆರೆ ಎದ್ದಿತ್ತು. ಆಸ್ಪತ್ರೆಯ ಮಲಯಾಳಿ ಡಾಕ್ಟರು ನೋಡಿ, “ಜೆಬೆಲ್ ಅಲಿ ಬಂದರಿನ ಯಾವ ಕೋಲ್ಡ್ ಸ್ಟೋರಿನಲ್ಲಿ ನಿಮ್ಮ ಕೆಲಸ?” ಎಂದರು. ಕಚೇರಿಯಲ್ಲಿ ಎಂದೆ. ಅವರು ನಂಬಲಿಲ್ಲ. ಇದು ಹಿಮ ಕಚ್ಚಿದ ಗಾಯ, ಬಿಸಿಲಿನದ್ದಲ್ಲ ಎಂದು ಖಂಡಿತವಾಗಿ ಹೇಳಿದರು.

ಆ ಟೋಪಿ ಅಮೆರಿಕದ ಉತ್ತರದ ಬಯಲಿನ ಒಂದು ಕೋಟೆಯದ್ದೆಂದು ನನಗೆ ಗೊತ್ತಿತ್ತು. ಅಲ್ಲಿ ಹಿಮ ಬೀಳುತ್ತದೆ. ಆದರೆ ಹಿಮದಲ್ಲಿ ಆ ಸೈನಿಕರು ಹಾಕುತ್ತಿದ್ದದ್ದು ತುಪ್ಪಳದ ಟೋಪಿ. ಇದು ಬರೀ ಮೆರವಣಿಗೆಗೆ. ಇದನ್ನು ಹಾಕಿಸಿ ಯಾರಾದರೂ ಯಾರನ್ನಾದರೂ ಚಳಿಗಾಲದಲ್ಲಿ ಹೊರಗೆ ನಿಲ್ಲಿಸಿದ್ದರೇ? ತಿಳಿಯುವ ದಾರಿಯಿಲ್ಲ. ಧಣಿ ಒಮ್ಮೆ ನನ್ನೆದುರೇ ಅದನ್ನು ತಲೆಗಿಟ್ಟು ಕನ್ನಡಿ ನೋಡಿಕೊಂಡರು. ಅವರಿಗೆ ಏನೂ ಆಗಲಿಲ್ಲ.

ಮದುವೆಯನ್ನು ಫೋನಿನಲ್ಲಿ ನೋಡಿದೆ. ನನ್ನ ಜಾಗದಲ್ಲಿ ಹೆಂಡತಿಯ ಅಣ್ಣ ನಿಂತಿದ್ದ. ಮಗಳು ಪರದೆಯೊಳಗೆ ಇಣುಕಿ, “ಪಪ್ಪಾ, ಅಲ್ಲಿ ಅಷ್ಟು ಸೆಕೆ ಅಂತೀರಿ, ಕಿವಿಗೆ ಯಾಕೆ ಬಟ್ಟೆ ಸುತ್ತಿದ್ದು?” ಎಂದಳು. “ಎ.ಸಿ. ಜಾಸ್ತಿ ಮಗಾ,” ಎಂದೆ. ಅಷ್ಟರಲ್ಲಿ ಧಾರೆಗೆ ಕರೆದರು.

ಆ ಚಳಿ ಎಲ್ಲಿಂದ ಬಂತೋ ನನಗೆ ಇವತ್ತಿಗೂ ಗೊತ್ತಿಲ್ಲ. ನನ್ನನ್ನು ಬಿಸಿಲಿನಿಂದ ಉಳಿಸಲು ಬಂತೆಂದು ಲ್ಯಾನ್ಸಿ ನಂಬುತ್ತಾನೆ. ಬಿಸಿಲನ್ನು ನಾನು ತಡೆದುಕೊಳ್ಳುತ್ತಿದ್ದೆ. ಅವರು ಆ ಕಾಫಿ ಕುಡಿದು ಮುಗಿಸುವಷ್ಟು ಹೊತ್ತು ಆ ಚಳಿ ತಡವಾಗಿ ಬಂದಿದ್ದರೆ, ಮಗಳ ಕೈಗೆ ನೀರೆರೆದವನು ನಾನಾಗಿರುತ್ತಿದ್ದೆ.